ಕಡಲಿನ ಮೇಲೊಂದು ಚೌಕುಳಿ



ಉತ್ತರಹಳ್ಳಿಯಲ್ಲಿ ಜಡಿಮಳೆ ಸುರಿಯುತ್ತಿರುವಾಗ ಜಯನಗರದಲ್ಲಿ ಧೂಳೇಳುತ್ತಿರುವುದುಂಟು. ನಡುವಣ ಬನಶಂಕರಿಯಲ್ಲಿ ಮಾಪಕವಿಲ್ಲದ ಪಕ್ಷದಲ್ಲಿ, ಅಲ್ಲಿ ಎಷ್ಟು ಮಳೆಯಾಯಿತೆಂದು ಹೇಳುವುದು ಹೇಗೆ? ನೆಲದ ಮೇಲೆಯೇ ಈ ತೊಡಕಿರುವಾಗ ಕಡಲಿನ ಮಾತನ್ನು ಹೇಳಬೇಕೆ?

ಕಡಲಿನ ಆಳದ ಉಷ್ಣತೆಯನ್ನು ಅಳೆಯುವ ಸಾಧನಗಳಲ್ಲಿ ಮುಖ್ಯವಾದವು ಆರ್ಗೋ ಎಂಬ ತೇಲುಯಂತ್ರಗಳು. ಲೋಕದ ಸಾಗರಗಳಲ್ಲಿ ಇಂಥವು ಸುಮಾರು 4000 ಇವೆ. ಇವುಗಳಲ್ಲಿ ಬಹುಪಾಲು 2000 ಮೀಟರು ಆಳಕ್ಕಿಳಿದು, ಸುಮಾರು 10 ದಿನಗಳಿಗೊಮ್ಮೆ ಮೇಲೆದ್ದು, ಬರುವ ದಾರಿಯಲ್ಲಿ ಅಳೆದ ಶಾಖವನ್ನೂ ಲವಣಾಂಶವನ್ನೂ ಉಪಗ್ರಹದ ಮೂಲಕ ತಿಳಿಸುತ್ತವೆ. ಆದರೆ ಅವು ಪ್ರವಾಹ ಒಯ್ದ ಕಡೆಗೆ ಹೋಗತಕ್ಕವು. ಚೆಲ್ಲಿದ ರಾಗಿಯಂತೆ ಇಲ್ಲಿ ನಾಲ್ಕು, ಅಲ್ಲಿ ಒಂದು. ಗಣಿತಕ್ಕೆ ಬೇಕಾದುದಾದರೋ ರಂಗೋಲಿಯ ಚುಕ್ಕಿಗಳಂತೆ ಸಾಲುಗಟ್ಟಿ ನಿಂತ ಅಂಕಿಗಳು.

ಇದಕ್ಕೊಂದು ಸರಳವಾದ ಉಪಾಯವುಂಟು. ಒಂದು ಚುಕ್ಕಿಯಿಂದ 50 ಕಿಲೋಮೀಟರು ದೂರದಲ್ಲಿ 29 ಡಿಗ್ರಿಯೂ, 100 ಕಿಲೋಮೀಟರು ದೂರದಲ್ಲಿ 28 ಡಿಗ್ರಿಯೂ ದೊರೆತಿವೆಯೆನ್ನೋಣ. ದೂರದ ವರ್ಗಕ್ಕೆ ವಿಲೋಮವಾಗಿ ತೂಕ ಕೊಟ್ಟರೆ ಹತ್ತಿರದ ಅಳತೆಗೆ ನಾಲ್ಕು ಪಾಲು, ದೂರದ್ದಕ್ಕೆ ಒಂದು ಪಾಲು, ಫಲ 28.8 ಡಿಗ್ರಿ. ಸೂತ್ರ ಬೇರೆಯಾದರೂ ಹತ್ತಿರದ್ದಕ್ಕೆ ಹೆಚ್ಚು ತೂಕವೆಂಬ ಇದೇ ತತ್ತ್ವದಿಂದ, ಅಮೆರಿಕದ ಲೆವಿಟಸ್ ಎಂಬ ವಿಜ್ಞಾನಿ 1982ರಲ್ಲಿ ಲೋಕದ ಸಾಗರಗಳನ್ನು ಒಂದೊಂದು ಡಿಗ್ರಿಯ ಚೌಕಗಳಲ್ಲಿ ಬಿಡಿಸಿ ಪಟಸಂಪುಟವನ್ನು ಪ್ರಕಟಿಸಿದರು. ಹಿಂದೂ ಮಹಾಸಾಗರಕ್ಕೆ ಸಂಬಂಧಿಸಿದಂತೆ ಈ ಬಗೆಯ ಕೆಲಸವನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯವರು ಮಾಡುತ್ತಾರೆ.

ಆದರೆ ದೂರವೊಂದನ್ನೇ ನಂಬಿದರೆ ಕೆಡುಕುಂಟು. ಮಂಗಳೂರೂ ಚೆನ್ನೈಯೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿವೆ. ಹಾಗೆಂದು ಬಂಗಾಳ ಕೊಲ್ಲಿಯ ನೀರಿನ ಶಾಖವನ್ನು ನಮ್ಮ ನೆತ್ತಿಯ ಮೇಲಿಂದ ದಾಟಿಸಿ ಅರಬ್ಬೀ ಸಮುದ್ರಕ್ಕೆ ಹಂಚಲಾದೀತೆ? ಮುಂಗಾರಿನಲ್ಲಿ ನಮ್ಮ ತೀರದ ಬಳಿ ಕೆಳಗಣ ತಂಪು ನೀರು ಮೇಲೇಳುವುದರಿಂದ, ತೀರದುದ್ದಕ್ಕೂ ಶಾಖ ನಿಧಾನವಾಗಿ ಬದಲಾಗುತ್ತದೆ, ತೀರಕ್ಕೆ ಅಡ್ಡಲಾಗಿ ಬೇಗನೆ ಬದಲಾಗುತ್ತದೆ. ತೂಕ ಕೊಡುವವನು ಕಡಲಿನ ಸ್ವಭಾವವನ್ನೂ ಬಲ್ಲವನಾಗಿರಬೇಕು.

ಇದು ಬರಿಯ ಪಂಡಿತರ ವಿನೋದವಲ್ಲ. ಚಂಡಮಾರುತಕ್ಕೆ ಸಾಮಾನ್ಯವಾಗಿ 26.5 ಡಿಗ್ರಿಗೆ ಮೇಲ್ಪಟ್ಟ ಬೆಚ್ಚನೆಯ ನೀರೇ ಆಹಾರ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯನ್ನು ಕದಡಿತು. ಅಂಥ ಗಾಳಿಯ ಬಲವನ್ನು ಮುಂದಾಗಿ ಎಣಿಸುವ ಲೆಕ್ಕಕ್ಕೆ ಕಡಲಿನ ಶಾಖದ ಚೌಕುಳಿ ಬೇಕು. ಆದರೆ ಅಳತೆಯಿದ್ದ ಚೌಕವೂ ದೂರದ ನೆರೆಯಿಂದ ಸಾಲ ತಂದು ತುಂಬಿದ ಚೌಕವೂ ನಕ್ಷೆಯಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಆದಕಾರಣ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಎಷ್ಟು ತಪ್ಪಿರಬಹುದೆಂಬ ಇನ್ನೊಂದು ಅಂಕಿಯನ್ನೂ ಬರೆಯತಕ್ಕದ್ದು. ಮಲ್ಪೆಯಲ್ಲಿ ದೋಣಿಯನ್ನು ನೀರಿಗಿಳಿಸಬೇಕೆ ಬೇಡವೆ ಎಂದು ಯೋಚಿಸುತ್ತ ನಿಂತವನಿಗೆ ಆ ಎರಡನೆಯ ಅಂಕಿಯೂ ಸಲ್ಲಬೇಕಾದುದು.