ಸ್ಟೈಲ್ ಬದಲಾಗುತ್ತೆ, ಸ್ಪೆಲ್ಲಿಂಗ್?

ಇಂಗ್ಲಿಷ್‌ನಲ್ಲಿ 'ಈಮೇಲ್' ಬರೆಯುವಾಗ 'ಇ' ಆದ್ಮೇಲೆ ಅಡ್ಡಗೆರೆ ಬೇಕಾ, ಬೇಡ್ವಾ? ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ಸ್ಟೈಲ್‌ಬುಕ್‌ನಲ್ಲಿ 2011ರಲ್ಲೇ ಅದನ್ನು ಕೈಬಿಟ್ಟಿತು. 2016ರಲ್ಲಿ 'ಇಂಟರ್ನೆಟ್' ಪದದ ಮೊದಲಕ್ಷರವೂ ಕ್ಯಾಪಿಟಲ್‌ನಿಂದ ಸ್ಮಾಲ್‌ಗೆ ಇಳೀತು. ಹಳೇ ರೂಪದಲ್ಲೇ ಬರೆದರೂ ಅರ್ಥವೇನೂ ಕೆಡಲ್ಲ. ಅದು ರೂಢಿಯ ಮಾತು.

ಆದರೆ 'ಲೂಸ್' ನೋಡಿ. ಒಂದು 'ಓ' ಇದ್ದರೆ ಕಳೆದುಕೊಳ್ಳುವುದು, ಎರಡಿದ್ದರೆ ಸಡಿಲ. ನಮ್ಮ ಬಾಯಲ್ಲಿ ಎರಡೂ ಒಂದೇ ಥರ ಕೇಳುತ್ತೆ, ಅದಕ್ಕೇ ಗೊಂದಲ. ಎರಡೂ ನಿಜವಾದ ಪದಗಳೇ ಆದ್ದರಿಂದ ಮೊಬೈಲ್‌ನ ಸ್ಪೆಲ್‌ಚೆಕ್ ಎಷ್ಟೋ ಸಲ ಸುಮ್ಮನಿರುತ್ತೆ. ಹಾಗಾಗಿ ಕೆಲಸದ ಅರ್ಜಿ ಕಳಿಸುವ ಮುಂಚೆ ಒಂದ್ಸಲ ನೀವೇ ಓದಿ. ಅಡ್ಡಗೆರೆ ಹೆಚ್ಚುಕಮ್ಮಿ ಆದರೆ ನಡೆಯುತ್ತೆ, ಅರ್ಥ ಹೆಚ್ಚುಕಮ್ಮಿ ಆಗಬಾರದು.