ಬಂದರು ತೆರೆದ ಮೇಲೆ ಯಾರ ಸರದಿ?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೂಲಿಗಾಗಿ ದುಡಿಯುವವರೂ ಅಂಗಡಿ ಇಟ್ಟುಕೊಂಡವರೂ ಒಂದೇ ಜಮಖಾನೆಯ ಮೇಲೆ ಕುಳಿತ ಸಭೆ ನಮ್ಮ ಊರಿನಲ್ಲಿ ಅಪರೂಪ. ಮುಷ್ಕರದ ಮಾತು ಬಂದರಂತೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಆದ್ದರಿಂದಲೇ ಇವತ್ತು ಬಂದರಿನ ಮುಷ್ಕರದ ವಿಷಯವನ್ನೇ ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ. ನಾನು ಅರ್ಥಶಾಸ್ತ್ರಜ್ಞನಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನು. ಆ ಲೆಕ್ಕದಷ್ಟೇ ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ.

2024ರ ಆಗಸ್ಟಿನಲ್ಲಿ ನಮ್ಮ ದೇಶದ ಪ್ರಧಾನ ಬಂದರುಗಳ ಕಾರ್ಮಿಕ ಒಕ್ಕೂಟಗಳು ಆ ತಿಂಗಳ 28ರಿಂದ ಕೆಲಸ ನಿಲ್ಲಿಸುವುದಾಗಿ ಸಾರಿದವು. ಅವರ ಹಿಂದಿನ ವೇತನ ಒಪ್ಪಂದ 2021ರ ಡಿಸೆಂಬರ್ 31ಕ್ಕೇ ಮುಗಿದಿತ್ತು. ಎರಡೂವರೆ ವರ್ಷ ಕಳೆದರೂ ಮಾತುಕತೆ ಎಳೆಯುತ್ತಲೇ ಇತ್ತು. ನಮ್ಮ ನವಮಂಗಳೂರು ಬಂದರೂ ಆ ಪ್ರಧಾನ ಬಂದರುಗಳಲ್ಲೊಂದು. ಮಲೆನಾಡಿನ ಕಾಫಿ, ಕರಾವಳಿಯ ಗೋಡಂಬಿ ಹಡಗು ಹತ್ತುವ ಜಾಗ. ಆ ದಿನಗಳಲ್ಲಿ, ಗಿರಣಿ ಯಂತ್ರಗಳ ಬಿಡಿಭಾಗ ಮಾರುವ ನಮ್ಮ ಪೇಟೆಯ ಹಿರಿಯರೊಬ್ಬರು ನನ್ನನ್ನು ಅಂಗಡಿಗೆ ಕರೆದು ಕೇಳಿದರು: "ಮಾಸ್ತರೇ, ಅವರ ಕೂಲಿ ಹೆಚ್ಚಲಿ, ಬೇಡವೆನ್ನುವವನು ನಾನಲ್ಲ. ಆದರೆ ಅವರು ಕೈಕಟ್ಟಿ ಕೂತರೆ ನನ್ನ ಅಂಗಡಿ ಯಾಕೆ ಬೀಳಬೇಕು?"

ಆವತ್ತು ನಾನು ಏನೋ ಎರಡು ಘೋಷಣೆಯ ಮಾತು ಹೇಳಿ ಜಾರಿಕೊಂಡೆ. ಅವರಿಗೆ ಅದು ಉತ್ತರವಾಗಲಿಲ್ಲ. ಆಗಸ್ಟ್ 27ರಂದು, ಅಂದರೆ ಮುಷ್ಕರದ ಹಿಂದಿನ ದಿನ, ಒಪ್ಪಂದವಾಯಿತು. 2022ರ ಜನವರಿ 1ರಿಂದ ಅನ್ವಯವಾಗುವಂತೆ ಶೇಕಡ 8.5ರ ಏರಿಕೆ ಸಿಕ್ಕಿತು. ಮುಷ್ಕರ ನಡೆಯಲೇ ಇಲ್ಲ. ಆದರೆ ಅಷ್ಟರಲ್ಲಿ ಆ ಹಿರಿಯರು ಹೆದರಿ, ಬಡ್ಡಿಗೆ ಹಣ ತಂದು, ಮುಂಬಯಿಯಿಂದ ಎರಡು ಪಾಲು ಬೇರಿಂಗು ತರಿಸಿಬಿಟ್ಟಿದ್ದರು. ಬೇರಿಂಗುಗಳು ಕಪಾಟಿನಲ್ಲಿ ಕುಳಿತವು, ಬಡ್ಡಿ ಮಾತ್ರ ಓಡಿತು. ನಡೆಯದ ಮುಷ್ಕರ ಅವರಿಗೆ ನಷ್ಟ ಮಾಡಿತು. ಇದು ಹೇಗಾಯಿತೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ನಿಜವಾಗಿ ನಡೆದ ಒಂದು ಮುಷ್ಕರವನ್ನು ನೋಡಿದರೆ ಇದು ತಿಳಿಯುತ್ತದೆ.

ಅದೇ ವರ್ಷದ ಅಕ್ಟೋಬರ್ 1ರಂದು ಅಮೆರಿಕದ ಪೂರ್ವ ಕರಾವಳಿ ಮತ್ತು ಮೆಕ್ಸಿಕೊ ಕೊಲ್ಲಿಯ 36 ಬಂದರುಗಳಲ್ಲಿ ಸುಮಾರು 45,000 ಹಡಗುಕಟ್ಟೆ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಕರಾವಳಿಯಲ್ಲಿ 1977ರ ಅನಂತರ ಅಂಥ ಮುಷ್ಕರ ಆಗಿರಲಿಲ್ಲ. ಆರು ವರ್ಷದಲ್ಲಿ ಶೇಕಡ 77ರಷ್ಟು ಕೂಲಿ ಹೆಚ್ಚಬೇಕೆಂದು ಅವರು ಕೇಳಿದರು; ಮಾಲೀಕರು ಶೇಕಡ 50ರ ಹತ್ತಿರ ಬಂದು ನಿಂತಿದ್ದರು. ಯಂತ್ರಗಳು ಬಂದು ಕೆಲಸ ಕಿತ್ತುಕೊಳ್ಳುತ್ತವೆಂಬ ಭಯವೂ ಇತ್ತು. ಮುಷ್ಕರಕ್ಕೆ ಮುಂಚೆ ಬಂದರಿನ ಹೊರಗೆ ಲಂಗರು ಹಾಕಿ ಕಾಯುತ್ತಿದ್ದ ಸರಕಿನ ಹಡಗು ಮೂರು. ಎರಡನೆಯ ದಿನಕ್ಕೆ ಅವು ಕಡಿಮೆಯೆಂದರೂ 45 ಆದವು. ಮೂರನೆಯ ದಿನ ಸಂಜೆ ಶೇಕಡ 62ಕ್ಕೆ ರಾಜಿಯಾಯಿತು. ಯಂತ್ರಗಳ ವಿಷಯವನ್ನು ಮುಂದಕ್ಕೆ ಇಟ್ಟು, 2025ರ ಜನವರಿಯಲ್ಲಿ ಅದನ್ನೂ ಒಪ್ಪಂದಕ್ಕೆ ತಂದರು.

ಇಲ್ಲಿ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಮೂರು ದಿನ ಬಂದರು ಮುಚ್ಚಿದ ಮೇಲೆ 62 ಕೊಡಲು ಸಾಧ್ಯವಾದವರಿಗೆ, ಮುಚ್ಚುವ ಮೊದಲು ಕೊಡಲು ಏನು ಅಡ್ಡಿಯಿತ್ತು? ನಮ್ಮ ದೇಶದಲ್ಲಿ ಆಗಸ್ಟ್ 27ರಂದು ಆದ ಒಪ್ಪಂದ ಒಂದು ವರ್ಷ ಮುಂಚೆ ಯಾಕೆ ಆಗಲಿಲ್ಲ? ಕೊನೆಯ ಗಳಿಗೆಯ ತನಕ ಎಳೆಯುವುದಕ್ಕೂ ಒಂದು ಬೆಲೆಯಿದೆ. ಆ ಬೆಲೆಯನ್ನು ಎಳೆದವರು ತೆರುವುದಿಲ್ಲ. ಬಡ್ಡಿಗೆ ಹಣ ತಂದ ನಮ್ಮ ಬೇರಿಂಗಿನ ಹಿರಿಯರು ತೆರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಬಂದರಿಗೆ ದಿನಕ್ಕೆ ಹತ್ತು ಹಡಗು ಬರುತ್ತವೆಂದು ಇಟ್ಟುಕೊಳ್ಳಿ. ಮೂರು ದಿನ ಕೆಲಸ ನಿಂತರೆ ಮೂವತ್ತು ಹಡಗು ಹೊರಗೆ ಉಳಿಯುತ್ತವೆ. ನಾಲ್ಕನೆಯ ದಿನ ಬಾಗಿಲು ತೆರೆಯಿತು. ಎಲ್ಲರೂ ಬೆವರು ಸುರಿಸಿ ದುಡಿದರೂ ದಿನಕ್ಕೆ ಹನ್ನೆರಡು ಹಡಗು ಇಳಿಸಬಹುದು. ಆದರೆ ಹೊಸದಾಗಿ ಹತ್ತು ಬರುತ್ತಲೇ ಇರುತ್ತವೆ. ಹಳೆಯ ಬಾಕಿಯಲ್ಲಿ ದಿನಕ್ಕೆ ಕರಗುವುದು ಎರಡೇ. ಮೂವತ್ತು ಕರಗಲು ಎಷ್ಟು ದಿನ ಬೇಕು? ಹದಿನೈದು ದಿನ. ಮೂರು ದಿನದ ಮುಷ್ಕರಕ್ಕೆ ಹದಿನೈದು ದಿನದ ಸರದಿ! ಪತ್ರಿಕೆಗಳು ಮೂರು ದಿನದ ಸುದ್ದಿ ಬರೆದು ಸುಮ್ಮನಾಗುತ್ತವೆ. ಸಣ್ಣ ವರ್ತಕನ ಕಷ್ಟವೂ, ಹತ್ತಿಯೋ ಬಣ್ಣವೋ ಬಾರದೆ ಗಿರಣಿ ನಿಲ್ಲುವ ಭಯವೂ ಇರುವುದು ಆಮೇಲಿನ ಹದಿನೈದು ದಿನಗಳಲ್ಲಿ.

ಆ ಹದಿನೈದು ದಿನಗಳಲ್ಲಿ ಯಾರ ಪೆಟ್ಟಿಗೆ ಮೊದಲು ಹೊರಗೆ ಬರಬೇಕೆಂದು ಹೇಳುವವರು ಯಾರು? ಶಾಲೆಯಲ್ಲಿ ಗಂಟೆ ಹೊಡೆದಾಗ ಒಂದೇ ಬಾಗಿಲಿದ್ದರೆ ದೊಡ್ಡ ಹುಡುಗರು ನೂಕಿ ಮುಂದೆ ಹೋಗುತ್ತಾರೆ, ಸಣ್ಣವರು ಗೋಡೆಗೆ ಒತ್ತಿಕೊಳ್ಳುತ್ತಾರೆ. ಬಾಗಿಲಲ್ಲಿ ಮಾಸ್ತರು ನಿಂತಿದ್ದರೆ ಮಾತ್ರ ಸಾಲು. ಹಡಗು ಕಂಪನಿಯೊಡನೆ ವರ್ಷದ ಕರಾರು ಇರುವ ದೊಡ್ಡ ವ್ಯಾಪಾರಿಗೆ ಮುಂದೆ ಹೋಗುವ ದಾರಿಗಳಿವೆ. ಒಂದು ಪೆಟ್ಟಿಗೆಯಲ್ಲಿ ಹತ್ತು ಮಂದಿಯೊಡನೆ ಪಾಲು ಹಾಕಿದವನಿಗೆ ಇಲ್ಲ.

ಇದರಲ್ಲಿ ನಾವು ನೋಡಬೇಕಾದ ಒಂದು ವಿಶೇಷವಿದೆ. ಅಮೆರಿಕದ ಆ ಕಾರ್ಮಿಕರು ಮುಷ್ಕರದ ನಡುವೆಯೂ ಸೈನ್ಯದ ಸರಕನ್ನೂ ಪ್ರಯಾಣಿಕರ ವಿಹಾರದ ಹಡಗುಗಳನ್ನೂ ತಡೆಯುವುದಿಲ್ಲವೆಂದು ಮೊದಲೇ ಹೇಳಿದರು. ಯಾವ ಸರಕು ಹೋಗಬೇಕು, ಯಾವುದು ಕಾಯಬಹುದು ಎಂದು ವಿಂಗಡಿಸುವ ಶಕ್ತಿ ಕಾರ್ಮಿಕರಿಗೆ ಇದೆಯೆಂದು ಇದರಿಂದ ತೋರುತ್ತದೆ. ಸೈನ್ಯಕ್ಕೆ ಮಾಡಿದ್ದನ್ನು ಔಷಧಕ್ಕೆ, ಮಕ್ಕಳ ಹಾಲಿನ ಪುಡಿಗೆ, ಕೊಳೆಯುವ ಹಣ್ಣಿಗೆ, ಸಣ್ಣ ವರ್ತಕನ ಪಾಲಿನ ಪೆಟ್ಟಿಗೆಗೆ ಯಾಕೆ ಮಾಡಬಾರದು? ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸರು ಮುಂಬಯಿಗೆ ಹೋಗಿ ಪಿ. ಡಿಮೆಲ್ಲೊ ಅವರೊಡನೆ ಹಡಗುಕಟ್ಟೆಯ ಕೂಲಿಗಳ ಸಂಘದಲ್ಲಿ ದುಡಿದವರು. ಹಡಗುಕಟ್ಟೆಯ ಕೂಲಿ ನಮಗೆ ದೂರದ ಮನುಷ್ಯನಲ್ಲ. ಅವನೊಡನೆ ಈ ಮಾತು ಆಡುವ ಹಕ್ಕೂ ಸಲಿಗೆಯೂ ನಮಗಿದೆ.

ಹಡಗು ಸಾಲುಗಟ್ಟಿತೆಂದರೆ ಕಾರ್ಮಿಕನ ಮೇಲೆಯೇ ಬೆರಳು ತೋರಿಸುವುದು ಒಂದು ರೂಢಿ. ಎರಡು ಸಂಗತಿ ನೆನಪಿಡಿ. 2002ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ 29 ಬಂದರುಗಳು ಸುಮಾರು ಹತ್ತು ದಿನ ನಿಂತವು. ಬೀಗ ಹಾಕಿದವರು ಮಾಲೀಕರು; ಅದು ಬೀಗಮುದ್ರೆ, ಮುಷ್ಕರವಲ್ಲ. ಇನ್ನೊಂದು: 2022ರ ಜನವರಿಯಲ್ಲಿ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಿಗಾಗಿ ಒಂದೇ ಹೊತ್ತಿಗೆ 109 ಹಡಗುಗಳು ಕಾಯುತ್ತಿದ್ದವು. ಆಗ ಅಲ್ಲಿ ಯಾರೂ ಮುಷ್ಕರ ಹೂಡಿರಲಿಲ್ಲ. ಆ ವರ್ಷ ಮಾರ್ಸ್ಕ್ ಎಂಬ ಒಂದೇ ಹಡಗು ಕಂಪನಿಯ ಲಾಭ ಸುಮಾರು 2,900 ಕೋಟಿ ಡಾಲರು. ಸರಕು ತಡವಾದರೆ ಎಲ್ಲರಿಗೂ ನಷ್ಟವೆಂಬುದು ಸುಳ್ಳು.

ವರ್ತಕ ಮಿತ್ರರೇ, ಇನ್ನು ನಿಮಗೆ ನಾಲ್ಕು ಮಾತು.

ಮೊದಲನೆಯದು, ಗಾಬರಿಯ ಖರೀದಿ ಬೇಡ. ಆ ಅಮೆರಿಕದ ಮುಷ್ಕರದಲ್ಲಿ ಜನ ಅಂಗಡಿಗಳಿಗೆ ನುಗ್ಗಿ ಶೌಚದ ಕಾಗದವನ್ನು ಖಾಲಿ ಮಾಡಿದರು. ಆ ಕಾಗದದ ಬಹುಪಾಲು ಅವರ ದೇಶದಲ್ಲೇ ತಯಾರಾಗುವಂಥದು. ಅದಕ್ಕೂ ಆ ಹಡಗುಗಳಿಗೂ ಸಂಬಂಧ ಕಡಿಮೆ. ನಿಜವಾಗಿ ಹಡಗಿನಲ್ಲಿ ಬರುವುದು ಬಾಳೆಹಣ್ಣು. ಅದರ ಸುಮಾರು ಮುಕ್ಕಾಲು ಪಾಲು ಅದೇ ಬಂದರುಗಳಿಂದ ಇಳಿಯುತ್ತದೆ. ಯಾವ ಸರಕು ಯಾವ ದಾರಿಯಿಂದ ಬರುತ್ತದೆಂದು ತಿಳಿಯದೆ ಹೆದರಿದರೆ ಹೀಗಾಗುತ್ತದೆ. ಹತ್ತು ಅಂಗಡಿಯವರು ತಲಾ ಎರಡು ಪಾಲು ಬರೆದರೆ ಮುಷ್ಕರವಿಲ್ಲದೆಯೂ ಸಾಲು ಎರಡು ಪಾಲಾಗುತ್ತದೆ. ಪೇಟೆಯ ಸಂಘದಲ್ಲಿ ಕೂತು ಯಾರಲ್ಲಿ ಎಷ್ಟು ದಾಸ್ತಾನಿದೆ ಎಂದು ಹೇಳಿಕೊಳ್ಳಿ. ಒಬ್ಬರಲ್ಲಿ ಇರುವುದು ಇನ್ನೊಬ್ಬರಿಗೆ ಹದಿನೈದು ದಿನ ನಡೆಸುತ್ತದೆ.

ಎರಡನೆಯದು, ವಿಮೆಯ ಕಾಗದವನ್ನು ಓದಿಸಿಕೊಳ್ಳಿ. ಸಾಮಾನ್ಯ ಹಡಗು ಸರಕಿನ ವಿಮೆಯಲ್ಲಿ ಮುಷ್ಕರ ಸೇರಿರುವುದಿಲ್ಲ. ಅದಕ್ಕೆ ಬೇರೆ ಷರತ್ತು ಸೇರಿಸಬೇಕು. ಸೇರಿಸಿದರೂ ಅದು ಸರಕಿಗೆ ಆದ ಹಾನಿಗೆ ಕೊಡುತ್ತದೆಯೇ ಹೊರತು ಬರಿಯ ತಡದಿಂದ ಆದ ನಷ್ಟಕ್ಕೆ ಕೊಡುವುದಿಲ್ಲ. ಹೊರದೇಶಕ್ಕೆ ಮಾಲು ಕಳಿಸುವವರು ಬ್ಯಾಂಕಿನ ಸಾಖಪತ್ರದ ತಾರೀಖು ನೋಡಬೇಕು. ಹಡಗು ತಡವಾಗಿ ತಾರೀಖು ಮೀರಿದರೆ ಬ್ಯಾಂಕು ಹಣ ಕೊಡದೆ ಇರಬಹುದು. ಮುಷ್ಕರದ ನೋಟೀಸು ಬಂದ ದಿನವೇ ಕೊಳ್ಳುವವನಿಗೆ ಬರೆದು ತಾರೀಖು ಮುಂದೆ ಹಾಕಿಸಿಕೊಳ್ಳಿ.

ಮೂರನೆಯದು, ಡೆಮರೇಜು. ಬಂದರಿನಲ್ಲಿ ಪೆಟ್ಟಿಗೆಗೆ ಕೆಲವು ದಿನ ಬಾಡಿಗೆ ಇಲ್ಲ. ಆಮೇಲೆ ದಿನಕ್ಕಿಷ್ಟು ಎಂದು ಏರುತ್ತದೆ. ಬಾಗಿಲು ಮುಚ್ಚಿದ್ದಾಗ ಪೆಟ್ಟಿಗೆ ಒಯ್ಯುವುದು ಹೇಗೆ? ಒಯ್ಯಲು ಬಿಡದೆ, ಒಯ್ಯಲಿಲ್ಲವೆಂದು ದಂಡ ಹಾಕುವುದು ನ್ಯಾಯವೇ? ಅಮೆರಿಕದ ಫೆಡರಲ್ ಸಾಗರಯಾನ ಆಯೋಗ 2020ರಲ್ಲಿ ಇದೇ ತತ್ತ್ವವನ್ನು ಹೇಳಿತು: ಸರಕು ಬೇಗ ಸಾಗಲಿ ಎಂಬುದಕ್ಕಾಗಿ ಈ ಸುಂಕ, ಸಾಗಿಸಲು ಸಾಧ್ಯವೇ ಇಲ್ಲದಾಗ ಅದನ್ನು ಹಾಕುವುದು ಸಮಂಜಸವಲ್ಲ. ನಮ್ಮಲ್ಲೂ ಅದೇ ವರ್ಷ ಕೊರೋನಾ ಕಾಲದಲ್ಲಿ, ಮಾರ್ಚ್ 22ರಿಂದ ಏಪ್ರಿಲ್ 14ರ ತನಕ ಪೆಟ್ಟಿಗೆ ತಡೆದಿಟ್ಟ ಸುಂಕ ಹಾಕಬೇಡಿರೆಂದು ನೌಕಾಯಾನ ಮಹಾನಿರ್ದೇಶನಾಲಯ ಹಡಗು ಕಂಪನಿಗಳಿಗೆ ಸಲಹೆ ಕೊಟ್ಟಿತು. ಆಗ ಹೇಳಲು ಬಂದದ್ದು ಮುಷ್ಕರದ ಕಾಲದಲ್ಲೂ ಹೇಳಲು ಬರುತ್ತದೆ, ಕೇಳುವವರು ಬೇಕು ಅಷ್ಟೇ. ಬಾಗಿಲು ಮುಚ್ಚಿದ್ದ ದಿನಗಳಿಗೆ ಬರೆವಣಿಗೆಯ ಸಾಕ್ಷಿ ಇಟ್ಟುಕೊಳ್ಳಿ. ಒಬ್ಬೊಬ್ಬರೇ ಅರ್ಜಿ ಹಾಕಬೇಡಿ, ಐವತ್ತು ಸಹಿ ಹಾಕಿ ಕಳಿಸಿ.

ನಾಲ್ಕನೆಯದು, ನಿಮ್ಮ ಗಿರಾಕಿಯನ್ನು ಹಿಂಡಬೇಡಿ. ಹಳೆಯ ಬೆಲೆಗೆ ತಂದ ಮಾಲಿಗೆ ಮುಷ್ಕರದ ಹೆಸರು ಹೇಳಿ ಬೆಲೆ ಏರಿಸಿದರೆ, ಹಡಗು ಕಂಪನಿ ಮಾಡುವುದನ್ನೇ ನೀವೂ ಮಾಡಿದಂತಾಯಿತು. ಆಮೇಲೆ ನಿಮ್ಮ ಅರ್ಜಿಯ ಹಿಂದೆ ಊರಿನವರು ನಿಲ್ಲುವುದಿಲ್ಲ.

ಗಿರಣಿಯ ಸಂಗಾತಿಗಳೇ, ನಿಮಗೂ ಎರಡು ಮಾತು ಉಂಟು. ಬಂದರಿನಿಂದ ಮಾಲು ಬರಲಿಲ್ಲವೆಂದು ಗಿರಣಿಯಲ್ಲಿ ಲೇ-ಆಫ್ ಮಾಡಿದರೆ ಬರಿಗೈಯಲ್ಲಿ ಮನೆಗೆ ಹೋಗಬೇಡಿ. 50 ಅಥವಾ ಹೆಚ್ಚು ಮಂದಿ ಇರುವ ಕಾರ್ಖಾನೆಯಲ್ಲಿ, ಒಂದು ವರ್ಷ ಎಡೆಬಿಡದೆ ದುಡಿದ ಕಾಯಂ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧ ಪರಿಹಾರವಾಗಿ ಸಿಗಬೇಕು. 1947ರ ಕೈಗಾರಿಕಾ ವಿವಾದಗಳ ಕಾನೂನಿನ ಈ ಹಕ್ಕು 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಅದೇ ಕಾರ್ಖಾನೆಯ ಇನ್ನೊಂದು ಭಾಗದಲ್ಲಿ ಮುಷ್ಕರವಾಗಿದ್ದರೆ ಪರಿಹಾರವಿಲ್ಲವೆಂಬ ವಿನಾಯಿತಿ ಮಾಲೀಕನಿಗೆ ಇದೆ. ಆದರೆ ಬಂದರು ನಿಮ್ಮ ಗಿರಣಿಯ ಭಾಗವಲ್ಲ. "ಮುಷ್ಕರದಿಂದ ನಿಂತಿತು, ಕೊಡುವುದಿಲ್ಲ" ಎಂದು ಗುಮಾಸ್ತ ಹೇಳಿದರೆ ಈ ಮಾತನ್ನು ಎತ್ತಿ ಹೇಳಿ. ಬದಲಿ ಕೆಲಸದವರಿಗೆ ಈ ಹಕ್ಕೂ ಇಲ್ಲ. ಅವರ ಒಲೆಯ ಚಿಂತೆ ಸಂಘಕ್ಕೆ ಇರಲಿ.

ಎರಡನೆಯ ಮಾತು ಸ್ವಲ್ಪ ಕಹಿ. ನಮ್ಮ ಮುಷ್ಕರದಿಂದ ಬಡವರಿಗೆ ಯಾವ ತೊಂದರೆಯೂ ಇಲ್ಲವೆಂದು ವೇದಿಕೆಯ ಮೇಲೆ ನಾವು ಹೇಳುವುದುಂಟು. ಅದು ನಿಜವಲ್ಲ. ತೊಂದರೆ ಆಗುತ್ತದೆ. ಅದನ್ನು ಒಪ್ಪಿಕೊಂಡು, ನೋಟೀಸಿನ ಜೊತೆಗೇ ಯಾವ ಸರಕು ಬಿಡುತ್ತೇವೆ, ಕೆಲಸ ಶುರುವಾದ ಮೇಲೆ ಯಾವುದನ್ನು ಮೊದಲು ಇಳಿಸಬೇಕೆಂದು ಕೇಳುತ್ತೇವೆ ಎಂಬ ಪಟ್ಟಿಯನ್ನೂ ಕೊಡುವ ಸಂಘಕ್ಕೆ ಊರಿನ ಬೆಂಬಲ ಸಿಗುತ್ತದೆ. ನಾಳೆ ನಾವು ಗಿರಣಿಯ ಬಾಗಿಲಲ್ಲಿ ಕುಳಿತಾಗ ನಮಗೆ ಅಕ್ಕಿ ಬೇಳೆ ಉದ್ರಿ ಕೊಡಬೇಕಾದವರು ಇದೇ ಜಮಖಾನೆಯ ಮೇಲೆ ಕುಳಿತಿರುವ ಅಂಗಡಿಯವರೇ.

ಸರ್ಕಾರದಿಂದ ನಾವು ಕೇಳಬೇಕಾದದ್ದು ಮೂರು. ವೇತನ ಒಪ್ಪಂದದ ಅವಧಿ ಮುಗಿಯುವ ಮುಂಚೆಯೇ ಹೊಸ ಮಾತುಕತೆ ಮುಗಿಯಬೇಕು. ಬಂದರು ಮುಚ್ಚಿದ್ದ ದಿನಗಳಿಗೆ ಡೆಮರೇಜು ಇರಬಾರದು, ಅದು ಸಲಹೆಯಾಗದೆ ನಿಯಮವಾಗಬೇಕು. ಬಾಗಿಲು ತೆರೆದ ಮೇಲೆ ಸರದಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಅದನ್ನು ಮಾಡುವ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಯೂ ಸಣ್ಣ ವರ್ತಕರ ಪ್ರತಿನಿಧಿಯೂ ಇರಬೇಕು.

ಆ ಬೇರಿಂಗಿನ ಅಂಗಡಿಯ ಹಿರಿಯರು ಇವತ್ತು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಹಿರಿಯರೇ, ನಿಮ್ಮ ಪ್ರಶ್ನೆಗೆ ತಡವಾಗಿ ಉತ್ತರ ಹೇಳುತ್ತಿದ್ದೇನೆ, ಕ್ಷಮಿಸಿ. ಅವರು ಕೈಕಟ್ಟಿ ಕೂತರೆ ನಿಮ್ಮ ಅಂಗಡಿ ಬೀಳಬೇಕಾಗಿಲ್ಲ. ಒಪ್ಪಂದವನ್ನು ಎಳೆದವರನ್ನು ಕೇಳುವವರಿಲ್ಲದ್ದರಿಂದ, ಸರದಿಯ ಬಾಗಿಲಲ್ಲಿ ನಿಲ್ಲುವವರಿಲ್ಲದ್ದರಿಂದ, ನೀವು ಒಬ್ಬರೇ ಹೆದರಿದ್ದರಿಂದ ನಿಮಗೆ ನಷ್ಟವಾಯಿತು. ಮೊದಲಿನ ಎರಡನ್ನು ಸರಿಪಡಿಸಲು ಹೋರಾಟ ಬೇಕು. ಮೂರನೆಯದಕ್ಕೆ ಬರುವ ಭಾನುವಾರ ಗಿರಣಿ ಸಂಘದವರೂ ಪೇಟೆಯ ಸಂಘದವರೂ ಒಟ್ಟಿಗೆ ಕುಳಿತರೆ ಸಾಕು. ಹಾಗೆ ಕೂಡಬೇಕೆಂದು ಅಧ್ಯಕ್ಷರಲ್ಲಿ ಸೂಚಿಸುತ್ತೇನೆ.