ವಾರ್ಡನ್ ಹಾಕಿದ ಸಹಿ
(ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಆಡಿದ ಮಾತು)



ನಾವು ಲಸಿಕೆಯ ವಿರೋಧಿಗಳಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ನಾವು ಬಾಯಿ ತೆಗೆದ ಕೂಡಲೆ ವಿಜ್ಞಾನದ ಶತ್ರುಗಳು ಅಂತ ಬರೆಯೋಕೆ ಪೇಪರಿನವರು ಕಾದಿರ್ತಾರೆ. ಸಿಡುಬನ್ನ ಓಡಿಸಿದ್ದು ಲಸಿಕೆಯೇ. ನಮ್ಮ ಜಗಳ ಸೂಜಿಯ ಜೊತೆ ಅಲ್ಲ, ಸಹಿಯ ಜೊತೆ.

2009ರ ಮಾತು. ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿದ ಖಮ್ಮಂ ಜಿಲ್ಲೆ. ಅಮೆರಿಕದ ಪಾತ್ ಎಂಬ ಸಂಸ್ಥೆ ನಮ್ಮದೇ ಸರ್ಕಾರದ ಐಸಿಎಂಆರ್ ಜೊತೆ ಸೇರಿ 10ರಿಂದ 14 ವರ್ಷದ ಸುಮಾರು 14,000 ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಅದು. ಗುಜರಾತಿನ ವಡೋದರದಲ್ಲಿ ಇನ್ನೂ ಸುಮಾರು 10,000 ಹುಡುಗಿಯರು. ಲಸಿಕೆಯನ್ನ ಪುಕ್ಕಟೆ ಕೊಟ್ಟವರು ಅದನ್ನ ತಯಾರಿಸುವ ಕಂಪನಿಗಳೇ. ಪುಕ್ಕಟೆ ಯಾಕೆ ಕೊಡ್ತಾರೆ? ನೀವೇ ಯೋಚಿಸಿ.

ಖಮ್ಮಂನಲ್ಲಿ ತೋಳು ಚಾಚಿದವರಲ್ಲಿ ಬಹಳ ಮಂದಿ ಆಶ್ರಮ ಶಾಲೆಯ, ಹಾಸ್ಟೆಲಿನ ಮಕ್ಕಳು. ಆದಿವಾಸಿಗಳು, ದಲಿತರು. ಅಂದರೆ ನಿಮ್ಮ ಹಾಗೆ ಅಪ್ಪ ಅವ್ವನಿಂದ ದೂರ, ಸರ್ಕಾರದ ಅನ್ನ ತಿನ್ನೋರು. ಆಮೇಲೆ ಅಲ್ಲಿನ 9,543 ಒಪ್ಪಿಗೆ ಫಾರಂಗಳನ್ನ ಪರಿಶೀಲಿಸಿದಾಗ 1,948ರಲ್ಲಿ ಬರೀ ಹೆಬ್ಬೆಟ್ಟು. 2,763ರಲ್ಲಿ ಹಾಸ್ಟೆಲ್ ವಾರ್ಡನ್ನರ ಸಹಿ! ಊಟದ ಚೀಟಿಗೆ ಸಹಿ ಹಾಕುವ ಕೈ ಮಗುವಿನ ಮೈಮೇಲೂ ಸಹಿ ಹಾಕಿತು.

ಮಹಿಳಾ ಸಂಘಟನೆಗಳು, ಆರೋಗ್ಯ ಕಾರ್ಯಕರ್ತರು 2009ರ ಅಕ್ಟೋಬರಿನಲ್ಲೇ ಕೇಂದ್ರದ ಮಂತ್ರಿಗೆ ಮನವಿ ಕೊಟ್ಟಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2010ರ ಮಾರ್ಚಿನಲ್ಲಿ ದಿಲ್ಲಿಯ ಸಮಾ ಗುಂಪಿನ ಹೆಂಗಸರು ಭದ್ರಾಚಲಂಗೆ ಹೋಗಿ ವಿಚಾರಿಸಿ ಬಂದರು. ಏಳು ಹುಡುಗಿಯರು ಸತ್ತದ್ದು ಹೊರಗೆ ಬಂತು, ಏಪ್ರಿಲಿನಲ್ಲಿ ಸರ್ಕಾರ ಎಲ್ಲ ನಿಲ್ಲಿಸಿತು.

ಇನ್ನು ಪತ್ರಿಕೆಗಳ ವಿಷಯ. ಸತ್ತಾಗ ಸುದ್ದಿ, ಸಹಿ ಹಾಕುವಾಗ ಸುದ್ದಿಯಿಲ್ಲ. ಕೆಲವರು ಲಸಿಕೆಯೇ ಕೊಂದಿತು ಅಂದರು. ಸರ್ಕಾರದ ತನಿಖಾ ಸಮಿತಿ ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂದಿತು. ಅದಾದ ಮೇಲೆ ಇನ್ನು ಕೆಲವರು, ಪ್ರಶ್ನೆ ಕೇಳಿದವರೆಲ್ಲ ಸುಳ್ಳರು ಅಂತ ಷರಾ ಬರೆದರು. ಎರಡೂ ಕಡೆಯವರು ವಾರ್ಡನ್ ಸಹಿಯನ್ನ ಮರೆತರು. ಅದೇ ಸಮಿತಿ ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪ ಕಂಡಿತ್ತಲ್ಲ, ಅದು ಎಷ್ಟು ಪೇಪರಿನಲ್ಲಿ ದೊಡ್ಡಕ್ಷರದಲ್ಲಿ ಬಂತು?

ಇನ್ನೊಂದು ಚಾಲಾಕಿತನ ನೋಡಿ. ಇದು ಪ್ರಯೋಗವೇ ಅಲ್ಲ, ಪ್ರಾತ್ಯಕ್ಷಿಕೆ ಅಂದರು. ಪ್ರಯೋಗ ಅಂದರೆ ವಿಮೆ ಬೇಕು, ಅಡ್ಡಪರಿಣಾಮ ಬರೆದಿಡೋ ವ್ಯವಸ್ಥೆ ಬೇಕು. ಹೆಸರು ಬದಲಾಯಿಸಿದರೆ ಏನೂ ಬೇಡ! 2013ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಈ ಮಾತನ್ನ ಒಪ್ಪಲಿಲ್ಲ, ಕಂಪನಿಗಳ ಲಾಭಕ್ಕಾಗಿ ಮಾಡಿದ್ದು ಅಂತ ಬರೆಯಿತು. ಆ ವರದಿಯನ್ನ ಕೋರ್ಟು ನೋಡಬಹುದೋ ಬಾರದೋ ಅನ್ನೋ ವಾದಕ್ಕೇ ವರ್ಷಗಳು ಹೋದವು. ನೋಡಬಹುದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2018ರಲ್ಲಿ.

ನಾಳೆ ನಿಮ್ಮ ಹಾಸ್ಟೆಲಿಗೂ ಇಂಥ ಫಾರಂ ಬರಬಹುದು. ಕನ್ನಡದಲ್ಲಿದೆಯಾ ನೋಡಿ. ಏನಾದರೂ ಆದರೆ ಯಾರು ಹೊಣೆ ಅಂತ ಬರೆದಿದೆಯಾ ಕೇಳಿ. ಚಿಕ್ಕವರಿದ್ದರೆ ಅವರ ಊರಿಗೆ ಫೋನ್ ಮಾಡಿಸಿ, ಅಪ್ಪ ಅವ್ವ ಬರೋವರೆಗೂ ತೋಳು ಮಡಚಿಕೊಂಡು ಕೂತಿರಲಿ.